ಬಾಗಿಲಾಚೆಗೆ ಒಂದು ಮೊಳ

ಅವರ ಎಡಹುಬ್ಬು ಅರ್ಧಕ್ಕರ್ಧ ಬೋಳು. ಎಂದೋ ವೆಲ್ಡಿಂಗ್ ಕಿಡಿ ಸಿಡಿದು ಸುಟ್ಟದ್ದು ಮತ್ತೆ ಬೆಳೆದಿರಲಿಲ್ಲ. ಉಳಿದರ್ಧದಲ್ಲಿ ಸದಾ ಮರದ ಹೊಟ್ಟು ಕೂತಿರುತ್ತಿತ್ತು. ಹೊಳಲ್ಕೆರೆಯ ಹೊಸದುರ್ಗ ರಸ್ತೆಯಲ್ಲಿದ್ದ ಅವರ ಶೆಡ್ಡಿನಲ್ಲಿ ಕಬ್ಬಿಣ, ಮರ ಎರಡರ ಕೆಲಸವೂ ನಡೆಯುತ್ತಿತ್ತು. "ಕಬ್ಬಿಣ ಭಾರ ಹೊರತೈತೆ, ಮರ ಕೈಗೆ ಹಿತ" ಎನ್ನುತ್ತಿದ್ದರು. ಮೆಟ್ಟಿಲು, ಅಟ್ಟ, ಉಯ್ಯಾಲೆ, ಯಾರ ಮನೆಗೆ ಹೇಗೆ ಬೇಕೋ ಹಾಗೆ. ಊರಿಗೆಲ್ಲ ಅವರು ವೆಲ್ಡಿಂಗ್ ಚಾಚಾ.

ಲಕ್ವ ಹೊಡೆದು ಅಪ್ಪನ ಬಲಭಾಗ ಸೋತಿತ್ತು. ಮಂಚದಿಂದ ಬಾಗಿಲವರೆಗಿನ ಇಕ್ಕಟ್ಟಾದ ಓಣಿಯಂಥ ಜಾಗದಲ್ಲಿ ಹೋಗುವಾಗ ಒಂದು ಗೋಡೆ, ಬರುವಾಗ ಇನ್ನೊಂದು, ಎಡಗೈ ಊರಿಕೊಂಡೇ ನಡೆಯುತ್ತಿದ್ದರು. ಯಾರಾದರೂ ಬಂದರೆ ಏಳುತ್ತಲೇ ಇರಲಿಲ್ಲ. ಹೊಸಿಲು ದಾಟುವುದನ್ನಂತೂ ಬಿಟ್ಟೇಬಿಟ್ಟಿದ್ದರು.

ಆಸರೆಗೆ ಹಿಡಿಕೆ ಹಾಕಿಸಲು ಚಾಚಾನನ್ನು ಕರೆದೆವು. ಅವರು ಟೇಪು ತೆಗೆಯಲಿಲ್ಲ. ಗೋಡೆಯ ಮೇಲೆ ಅಪ್ಪನ ಕೈ ಉಜ್ಜಿ ಮೂಡಿದ್ದ ಕರಿ ಗೆರೆಯನ್ನು ನೋಡಿ, "ಮಾಪು ಇಲ್ಲೇ ಐತೆ" ಎಂದು ಹೋದರು. ಪೈಪು ಹೊತ್ತು ತಿರುಗಿ ಬರುವಷ್ಟರಲ್ಲಿ ಅಮ್ಮ ಎರಡೂ ಗೋಡೆಗೆ ಬಿಳಿ ಬಣ್ಣ ಬಳಿಸಿದ್ದಳು.

"ಅಕ್ಕಾರೆ, ನನ್ನ ಮಾಪನ್ನೇ ಬಳಿದುಬಿಟ್ರಲ್ರಿ!"

"ನೀವು ಬರ್ತೀರ ಅಂತಾನೇ ಬಳಿಸಿದ್ದು. ಕೊಳಕು ಗೋಡೆ ತೋರ್ಸಾಕೆ ನಾಚಿಕೆ ಆಗಲ್ವಾ?"

ಚಾಚಾ ಅಮ್ಮನ ರಂಗೋಲಿ ಡಬ್ಬಿಯಿಂದ ಕೆಮ್ಮಣ್ಣು ತರಿಸಿ ಬಟ್ಟಲಲ್ಲಿ ಕಲಸಿದರು. ಕೈ ಅದ್ದಿಕೊಂಡು ನಡೆಯಬೇಕೆಂದಾಗ ಅಪ್ಪ ಮುಖ ತಿರುಗಿಸಿದರು. "ನಾನೇನು ಸರ್ಕಸ್ ಕರಡೀನಾ ಸಾಬ್ರೆ, ಎಲ್ಲರ ಮುಂದೆ ನಡೆಸಾಕೆ?"

ಚಾಚಾ ತಮ್ಮ ಕೈಯನ್ನೇ ಅದ್ದಿ ಹೊಸ ಗೋಡೆಗೆ ರಪ್ಪೆಂದು ಬಡಿದರು. "ಅಕ್ಕಾರು ಮೊದ್ಲು ನಂಗೇ ಬಯ್ಲಿ. ಏಳ್ರಿ ಅಣ್ಣಾರೆ. ನಿಮ್ಮ ಕಾಲು ನೋಡಲ್ಲ ನಾನು, ಕೈ ಎಲ್ಲಿ ಕೂರ್ತೈತೆ ಅಷ್ಟೇ ನೋಡ್ತೀನಿ."

ಅಪ್ಪ ಎದ್ದರು. ಹೋಗಿ ಬರುವಷ್ಟರಲ್ಲಿ ಗೋಡೆಗಳ ತುಂಬ ಕೆಂಪು ಅಂಗೈ.

"ಇದೇನು ಮನೆಯೋ, ಮಾರಮ್ಮನ ಗುಡಿಯೋ!" ಅಮ್ಮ ಹಣೆ ಚಚ್ಚಿಕೊಂಡಳು. ಆ ಮಂಗಳವಾರ ನನ್ನ ದಿನಚರಿಯಲ್ಲಿ ಒಂದೇ ಸಾಲು: ಅಪ್ಪ ನಕ್ಕರು.

ಆ ಗುರುತುಗಳ ಮೇಲೇ ಸ್ಟೀಲ್ ಪೈಪು ಹೋಯಿತು. ಅದರ ಮೇಲೆ, ನಮ್ಮ ಹಳೆಯ ಮಂಚದ ಮರವನ್ನು ದುಂಡಗೆ ಕೆತ್ತಿ ಕೂರಿಸಿದರು. ಹಿಡಿಕೆ ನೇರವಾಗಿರಲಿಲ್ಲ, ಅಪ್ಪ ದಣಿಯುವ ಕಡೆ ತಗ್ಗುತ್ತಿತ್ತು, ಸುಧಾರಿಸಿಕೊಳ್ಳುವ ಕಡೆ ಏರುತ್ತಿತ್ತು. ಕೊನೆಗೆ ಬಾಗಿಲಲ್ಲಿ ನಿಲ್ಲದೆ, ಹೊರಗಿನ ಮೆಟ್ಟಿಲ ಮೇಲೆ ಒಂದು ಮೊಳ ಚಾಚಿಕೊಂಡಿತ್ತು.

"ಅಲ್ಲಿ ನನ್ನ ಕೈಗುರುತೇ ಇರ್ಲಿಲ್ವಲ್ಲ ಸಾಬ್ರೆ?"

"ಬೀಳ್ತೈತೆ ಬಿಡ್ರಿ."

ಅಪ್ಪ ಬಾಗಿಲವರೆಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂರುವುದು ರೂಢಿಯಾಯಿತು. ಮೆಟ್ಟಿಲು ಮಾತ್ರ ಇಳಿಯಲಿಲ್ಲ. ಆ ದಾರಿಯಲ್ಲಿ ಹೋಗುವಾಗ ಚಾಚಾ ಬೈಕು ನಿಲ್ಲಿಸಿ, ಆ ಮೊಳದುದ್ದದ ಮರವನ್ನು ಸವರಿ, "ಇನ್ನೂ ಹೊಸದಾಗೇ ಐತೆ" ಎಂದು ಅಪ್ಪನನ್ನು ಚುಚ್ಚಿ ಹೋಗುತ್ತಿದ್ದರು.

ಕಳೆದ ವರ್ಷ ಒಂದು ಶುಕ್ರವಾರ, ಚಾಚಾ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ ಎಂಬ ಸುದ್ದಿ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಅಪ್ಪ ಅಂಗಿ ಹಾಕಿಸಿಕೊಂಡರು, "ಆಟೋ ಕರಿ" ಎಂದರು. ಹಿಡಿಕೆಯ ಉದ್ದಕ್ಕೂ ನಡೆದು, ಬಾಗಿಲಾಚೆಯ ಆ ತುದಿಯನ್ನು ಬಿಗಿಯಾಗಿ ಹಿಡಿದು ಮೆಟ್ಟಿಲಿಳಿದರು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದರು.

ಈಗ ಬೆಳಗಾದರೆ ಅಪ್ಪ ರಸ್ತೆಯಲ್ಲಿರುತ್ತಾರೆ. ಆ ತುದಿಯ ಮರ ಕೈಯುಜ್ಜಿ ಕಪ್ಪಾಗಿದೆ. ಅಮ್ಮ ಅದನ್ನು ಒರೆಸುವುದಿಲ್ಲ.