ಬೆಳೆಯುವ ಹುಡುಗಿಯ ಸೈಕಲ್

ಮಗಳಿಗೆ ಬಿಎಂಎಕ್ಸ್ ಸೈಕಲ್ ಕೊಳ್ಳಲು ಸಾವಳಗಿಯಿಂದ ಬಸ್ಸು ಹತ್ತಿ ಜಮಖಂಡಿಗೆ ಹೋಗಿದ್ದೆವು. ಗಾಲಿ ಎತ್ತಿ ಜಿಗಿಸುವ ಕಸರತ್ತನ್ನು ಅವಳು ಗೆಳತಿಯ ಸೈಕಲ್ಲಿನಲ್ಲಿ ಆಗಷ್ಟೇ ಕಲಿಯುತ್ತಿದ್ದಳು. ಅಂಗಡಿಯವನು ಎತ್ತರದ್ದೊಂದನ್ನು ಮುಂದೆ ತಳ್ಳಿದ.

"ಬೆಳಿಯೋ ಹುಡುಗಿ, ದೊಡ್ಡದು ತಗೋರಿ. ಸ್ಟ್ಯಾಂಡು, ಕ್ಯಾರಿಯರ್ ಎಲ್ಲಾ ಐತಿ."

ಮಗಳು ಹತ್ತಿ ಕೂತಳು. ಕಾಲು ನೆಲ ಮುಟ್ಟಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಬಾಲ್ಯದ ಅಂಗಿಗಳನ್ನೂ ಹೀಗೇ, ಬೆಳೆಯುವ ಮೈಯೆಂದು ದೊಡ್ಡದಾಗಿ ಹೊಲಿಸುತ್ತಿದ್ದರು. ಅವು ನನಗೆ ಸರಿಹೊಂದುವಷ್ಟರಲ್ಲಿ ಬಣ್ಣ ಹೋಗಿರುತ್ತಿತ್ತು.

ಮೂಲೆಯಲ್ಲಿದ್ದ ಗಿಡ್ಡ ಬಿಎಂಎಕ್ಸ್ ಸೈಕಲ್ಲನ್ನು ತೋರಿಸಿದೆ. ಸೀಟು ತಗ್ಗಿನಲ್ಲಿತ್ತು, ಟೈರು ದಪ್ಪಗಿತ್ತು, ಸ್ಟ್ಯಾಂಡು, ಕ್ಯಾರಿಯರ್ ಇರಲಿಲ್ಲ.

"ಅದು ಮುಂದಿನ ವರ್ಷ ಸಣ್ಣದಾಗತೈತ್ರಿ, ಅಕ್ಕಾರ."

"ಆಗಲಿ ಬಿಡ್ರಿ. ಆಕಿ ಜಿಗಿಯೋದು ಈ ವರ್ಷ."