ಪಿಂಡಿ ಎಂಬ ಹೆಸರನ್ನು ಯಾರೋ ತೆಗೆದುಕೊಂಡಿದ್ದರು

ಪಕ್ಕದ ಮೆಡಿಕಲ್ಲಿನವರು ಫೋನ್ ಎತ್ತಿದರೆ ನಮ್ಮ ಇಂಟರ್‌ನೆಟ್ ಕಡಿದುಹೋಗುತ್ತಿದ್ದ ದಿನಗಳವು. ಎರಡೂ ಕಡೆಗೆ ಒಂದೇ ಲೈನು. ರೇಖಾ ಮಿಸ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಣ್ಣಾ, ಐದು ನಿಮಿಷ ಫೋನ್ ಮುಟ್ಟಬೇಡಿ, ಇಲ್ಲಿ ಮೈಲ್ ಹೋಗ್ತಾ ಉಂಟು!" ಎಂದು ಕೂಗಿದ ಮೇಲೆಯೇ ನಮ್ಮ ಪಾಠ ಶುರು.

ಸುಳ್ಯ ಪೇಟೆಯಲ್ಲಿ ನನ್ನ ಅಮ್ಮನದ್ದು ಟೈಲರಿಂಗ್ ಅಂಗಡಿ. ಅದರ ಮಾಳಿಗೆಯ ಮೇಲೆ ಬೆಟ್ಟಂಪಾಡಿ ಕಡೆಯ ರೇಖಾ ಮಿಸ್ ಮೂರು ಕಂಪ್ಯೂಟರುಗಳನ್ನಿಟ್ಟು ಕ್ಲಾಸು ನಡೆಸುತ್ತಿದ್ದರು. ಆ ಮೂರಕ್ಕೂ ಧೂಳು ಕೂರದ ಹಾಗೆ ಹೂವಿನ ಬಟ್ಟೆಯ ಕವರ್ ಹೊಲಿದುಕೊಟ್ಟದ್ದು ಅಮ್ಮ. ಆ ಸಲುಗೆಯಲ್ಲೇ ಆರನೇ ಕ್ಲಾಸಿನ ಪರೀಕ್ಷೆ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಬೇಸಿಗೆ ರಜೆಗೆ ಅಲ್ಲಿ ಸೇರಿಸಿದರು.

ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋಗುವ ಹಾಗೆ ಒಳಗೆ ಹೋಗಬೇಕು. ಮಾನಿಟರು ಬಿಸಿಯಾದಾಗ ಬರುವ ಪ್ಲಾಸ್ಟಿಕ್ಕಿನ ವಾಸನೆ, ಕೆಳಗಿನ ಹೋಟೆಲಿನ ಗೋಳಿಬಜೆಯ ವಾಸನೆ, ಅಮ್ಮನ ಮೆಷಿನಿಗೆ ಬಿಟ್ಟ ಎಣ್ಣೆಯ ವಾಸನೆ, ಮೂರೂ ಅಲ್ಲಿ ಬೆರೆತಿರುತ್ತಿದ್ದವು. ಕೀಬೋರ್ಡಿನಲ್ಲಿ ಒಂದೆರಡು ಅಕ್ಷರಗಳು ಸವೆದು ಮಾಯವಾಗಿದ್ದವು. ಮೌಸಿನ ಹೊಟ್ಟೆಯೊಳಗೆ ರಬ್ಬರಿನ ಗುಂಡು ಇರುತ್ತದೆಂದು ಗೊತ್ತಾದ ದಿನ ಅದನ್ನು ಹೊರತೆಗೆದು ಮೆಟ್ಟಿಲಿನ ಮೇಲೆ ಪುಟಿಸಿ ಆಡಿ, ಮಿಸ್ಸಿನಿಂದ ಕಿವಿ ಹಿಂಡಿಸಿಕೊಂಡಿದ್ದೆ.

ಎರಡನೇ ವಾರ ಮಿಸ್ ಎಲ್ಲರಿಗೂ ಇಮೇಲ್ ಐಡಿ ಮಾಡಿಸಿದರು. ನನ್ನ ಹೆಸರು ಪೂರ್ಣಿಮಾ. ಅದನ್ನು ಹೊಡೆದರೆ, ಆಗಲೇ ಯಾರೋ ತೆಗೆದುಕೊಂಡಿದ್ದಾರೆ ಎಂದಿತು ಕಂಪ್ಯೂಟರು. ಅಳು ಬಂತು. "ಅದಕ್ಕೆಂತ, ಹಿಂದೆ ಏನಾದರೂ ಸೇರಿಸು" ಎಂದರು ಮಿಸ್. ಆ ದಿನಗಳಲ್ಲಿ ಅಮ್ಮ ನನ್ನಿಂದ ಅಂಗಿಗಳಿಗೆ ಗುಬ್ಬಿ ಹೊಲಿಸುತ್ತಿದ್ದರು. ನಮ್ಮಲ್ಲಿ ಗುಬ್ಬಿ ಅಂದರೆ ಬಟನ್ನು. ಹಾಗಾಗಿ ನಾನು ಪೂರ್ಣಿಮಾಗುಬ್ಬಿ ಆದೆ. ಮುಂದೆ ಮೈಸೂರು ಕಡೆಯ ಗೆಳತಿಯರೆಲ್ಲ ನಾನು ಹಕ್ಕಿಪ್ರೇಮಿ ಎಂದುಕೊಂಡರು.

ಮರ್ಕಂಜದ ದಿನೇಶಣ್ಣ ತಾನು ವೆನಿಲ್ಲಾಕಿಂಗ್ ಎಂದು ಬರೆದ. ಆಗ ಊರಲ್ಲೆಲ್ಲ ವೆನಿಲ್ಲಾ ಬೆಳೆಯ ಹುಚ್ಚು. ಮುಂದೆ ಬೆಲೆ ಬಿದ್ದು ಬಳ್ಳಿಯನ್ನೆಲ್ಲ ಕಿತ್ತುಹಾಕಿದ ಮೇಲೂ ಅವನ ಐಡಿ ಹಾಗೇ ಉಳಿಯಿತು. ಒಬ್ಬ ಜೀಪ್ ಡ್ರೈವರ್ ತನ್ನ ಗಾಡಿಯ ನಂಬರನ್ನೇ ಇಟ್ಟುಕೊಂಡ. ಈ ಹೆಸರುಗಳನ್ನೆಲ್ಲ ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡು, ಒಬ್ಬೊಬ್ಬರನ್ನೂ ಹಿಡಿದು "ಯಾಕೆ ಈ ಹೆಸರು?" ಎಂದು ಕೇಳುತ್ತಿದ್ದೆ. ಯಾರೂ ಬೈಯಲಿಲ್ಲ. ಆ ಪ್ರಶ್ನೆಗಾಗಿಯೇ ಕಾಯುತ್ತಿದ್ದ ಹಾಗೆ ಹೇಳುತ್ತಿದ್ದರು.

ಕೊನೆಗೆ ಉಳಿದದ್ದು ಪೋಸ್ಟ್ ಅಜ್ಜ. ಅವರ ಹೆಸರು ಕುಶಾಲಪ್ಪ. ಪಂಜದ ಕಡೆ ವರ್ಷಾನುಗಟ್ಟಲೆ ಪೋಸ್ಟ್‌ಮ್ಯಾನ್ ಆಗಿದ್ದು, ನಿವೃತ್ತಿಯಾಗಿ ಸುಳ್ಯದಲ್ಲಿ ಮಗಳ ಮನೆಯಲ್ಲಿದ್ದರು. ಯಾರೂ ಹೊರದೆಯೇ ಕಾಗದ ಹೋಗುತ್ತದಂತೆ, ಅದು ಹೇಗೆಂದು ನೋಡಿಯೇ ಬಿಡುವುದು ಎಂದು ಕ್ಲಾಸಿಗೆ ಸೇರಿದವರು. ಅವತ್ತು ಒಂದೇ ಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಅಕ್ಷರ ಹುಡುಕಿ, ಪಿಂಡಿ ಎಂದು ಬರೆದರು.

"ಈ ಹೆಸರೂ ಆಗಲೇ ಹೋಗಿದೆ ಅಜ್ಜ. ಬೇರೆ ಹೇಳಿ" ಎಂದರು ಮಿಸ್.

ಅಜ್ಜ ಕುರ್ಚಿಯಿಂದ ಅರ್ಧ ಎದ್ದರು. "ಹೋಗಿದೆಯಾ? ಯಾರು ತಗೊಂಡದ್ದು?"

"ಅದೆಲ್ಲ ಗೊತ್ತಾಗುದಿಲ್ಲ ಅಜ್ಜ."

"ಆದರೆ ತಗೊಂಡವ ಒಬ್ಬ ಇದ್ದಾನೆ. ಹೌದಲ್ಲ?"

"ಇರಲೇಬೇಕಲ್ಲ."

ನಾವೆಲ್ಲ ಬೇಸರಪಟ್ಟುಕೊಂಡ ಜಾಗದಲ್ಲಿ ಅಜ್ಜನ ಮುಖ ಕೆಂಪಾಗಿ ಹೊಳೆಯಿತು. ಮಿಸ್ ಸೂಚಿಸಿದ ಪಿಂಡಿಪಂಜ ಎಂಬ ಹೆಸರಿಗೆ ಹೂಂಗುಟ್ಟಿ, ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ನಾನು ಬಿಡುತ್ತೇನೆಯೇ? ಹಿಂದೆಯೇ ಓಡಿದೆ.

"ಅಜ್ಜ, ಪಿಂಡಿ ಅಂದರೆ ಎಂತ?"

ಅಜ್ಜ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ಪ್ಲೇಟ್ ಗೋಳಿಬಜೆ ಹೇಳಿದರು. "ನಿಮ್ಮ ಮನೆಯಲ್ಲಿ ಪುಂಡಿ ಮಾಡುದಿಲ್ಲವಾ, ಅಕ್ಕಿಯ ಉಂಡೆ ಬೇಯಿಸಿ? ಅದಕ್ಕೇ ಬ್ಯಾರಿ ಮುಸ್ಲಿಮರು ಪಿಂಡಿ ಅಂತ ಹೇಳುದು. ಶಾಲೆಯಲ್ಲಿ ನನ್ನೊಟ್ಟಿಗೆ ಅದ್ರಾಮ ಅಂತ ಒಬ್ಬ ಇದ್ದ. ಶಾಲೆ ಬಿಟ್ಟ ಮೇಲೆ ಅವನ ಮನೆಗೆ ಹೋಗುದು, ಅವನ ಉಮ್ಮ ಕೊಡುದು, ನಾನು ತಿನ್ನುದು. ಆ ಕಾಲ ಈಗಿನ ಹಾಗಲ್ಲ ಮಗಾ. ಅವರ ಮನೆಯಲ್ಲಿ ತಿಂದದ್ದು ನಮ್ಮಲ್ಲಿ ಗೊತ್ತಾಗಿದ್ದರೆ ನನ್ನ ಬೆನ್ನಿನ ಚರ್ಮ ಉಳೀತಿರಲಿಲ್ಲ. ಹಾಗಾಗಿ ಅವ ಗುಟ್ಟಿನಲ್ಲಿ ನನ್ನನ್ನು ಪಿಂಡಿ ಅಂತ ಕರೆಯುದು. ಆ ಹೆಸರು ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು."

"ಈಗ ಅವರು ಎಲ್ಲಿದ್ದಾರೆ?"

"ಐದನೇ ಕ್ಲಾಸಿನಲ್ಲಿ ಅವರ ಮನೆಯವರೆಲ್ಲ ಘಟ್ಟದ ಮೇಲೆ ಕೆಲಸಕ್ಕೆ ಅಂತ ಹೋದರು. ಮತ್ತೆ ಸುದ್ದಿಯೇ ಇಲ್ಲ. ಇಷ್ಟು ವರ್ಷ ಬೇರೆಯವರ ಕಾಗದ ಹೊತ್ತೆ, ಅವನದ್ದೊಂದು ಬರಲಿಲ್ಲ." ಅಜ್ಜ ಸ್ವರ ತಗ್ಗಿಸಿದರು. "ಈಗ ನೋಡು, ಆ ಹೆಸರನ್ನು ಯಾರೋ ಇಟ್ಟುಕೊಂಡಿದ್ದಾರೆ. ಅವನಲ್ಲದೆ ಮತ್ತೆ ಯಾರು? ನಾನು ಹುಡುಕಿಕೊಂಡು ಬರಲಿ ಅಂತಲೇ ಇಟ್ಟದ್ದು."

ನನಗೆ ರೋಮಾಂಚನವಾಯಿತು. ಮರುದಿನ ಅಜ್ಜ ಹೇಳಿದ್ದನ್ನು ಮಿಸ್ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವಾಗಿಯೇ ಟೈಪ್ ಮಾಡಿದರು. "ಪಿಂಡಿಗೆ ಪಿಂಡಿಯ ನಮಸ್ಕಾರ. ನೀನು ಅದ್ರಾಮನೇ ಆಗಿದ್ದರೆ ಕೂಡಲೇ ಬರೆಯುವುದು. ಅಲ್ಲದಿದ್ದರೆ ತಪ್ಪು ತಿಳಿಯಬಾರದು." ಯಾವುದಕ್ಕೂ ಇರಲಿ ಎಂದು ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು ಸೇರಿಸಿದರು. ಮೆಡಿಕಲ್ಲಿನ ಅಣ್ಣ ಐದಲ್ಲ, ಹತ್ತು ನಿಮಿಷ ಫೋನ್ ಮುಟ್ಟಲಿಲ್ಲ. ಮೈಲ್ ಹೋಯಿತು.

ಅಂದಿನಿಂದ ಅಜ್ಜ ತಮ್ಮ ಕ್ಲಾಸಿನ ಹೊತ್ತಿಗಿಂತ ಮೊದಲೇ ಬಂದು ಮೆಟ್ಟಿಲಲ್ಲಿ ಕೂರತೊಡಗಿದರು. ದಿನಾ ಮೈಲಿನ ಅಂಚೆಪೆಟ್ಟಿಗೆ ತೆರೆಯುವುದು, ದಿನಾ ಖಾಲಿ. ಒಂದು ವಾರ ಹೋಯಿತು, ಇನ್ನೊಂದು ಬಂತು. ಅಜ್ಜ ಕನ್ನಡಕ ತೆಗೆದು ಒರೆಸಿ, "ನಾಳೆ ನೋಡುವ" ಎಂದು ಎದ್ದುಹೋಗುತ್ತಿದ್ದರು. ಅವರು ಮೆಟ್ಟಿಲಿಳಿಯುವುದನ್ನು ನೋಡುವುದು ನನ್ನಿಂದಾಗಲಿಲ್ಲ.

ಒಂದು ದಿನ ಮಿಸ್ ಊಟಕ್ಕೆ ಹೋಗಿದ್ದಾಗ ಹೊಸದೊಂದು ಐಡಿ ಮಾಡಿದೆ. ಅದ್ರಾಮ ಎಂಬ ಹೆಸರಿನಲ್ಲಿ. ಅದರಿಂದ ಅಜ್ಜನಿಗೆ ಬರೆದೆ. "ಪ್ರೀತಿಯ ಪಿಂಡಿ, ನಾನು ಅದ್ರಾಮ. ಆ ಐಡಿಯಿಂದ ಮೈಲ್ ಹೋಗದ ಕಾರಣ ಇದರಿಂದ ಬರೆಯುತ್ತಿದ್ದೇನೆ. ನಾನು ಮಡಿಕೇರಿಯಲ್ಲಿ ಅಂಗಡಿ ಇಟ್ಟುಕೊಂಡು ಸುಖವಾಗಿದ್ದೇನೆ." ಘಟ್ಟದ ಮೇಲೆ ಎಂದರೆ ನನಗೆ ಗೊತ್ತಿದ್ದದ್ದು ಮಡಿಕೇರಿ ಒಂದೇ. ಅಜ್ಜ ಖುಷಿಪಡುತ್ತಾರೆ, ಅಷ್ಟೇ ನನ್ನ ಲೆಕ್ಕ. ಅದರ ಮುಂದೆ ಯೋಚಿಸುವ ಬುದ್ಧಿ ಇರಲಿಲ್ಲ.

ಸಂಜೆ ಅಜ್ಜ ಅದನ್ನು ಓದಿದರು. ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಹೊರಗೆ ಹೋಗಿ ರಸ್ತೆಯ ಬದಿಯಲ್ಲಿ ತುಂಬ ಹೊತ್ತು ನಿಂತರು. ಮಿಸ್ಸಿನ ಕಣ್ಣೂ ಒದ್ದೆಯಾಗಿತ್ತು. ನಾನು ಮಾತ್ರ ಇಬ್ಬರ ಮುಖವನ್ನೂ ನೋಡದೆ ಅಮ್ಮನ ಅಂಗಡಿಗೆ ಇಳಿದುಹೋದೆ.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಬಂದಾಗ ಅಮ್ಮ ನಗುತ್ತಾ ಹೇಳಿದರು. "ಪೋಸ್ಟ್ ಅಜ್ಜ ಈಗಷ್ಟೇ ಹೋದರು. ಅಂಗಿಯ ಸವೆದ ಕಾಲರ್ ತಿರುಗಿಸಿ ಕೊಡು ಅಂತ ನಿಂತಲ್ಲೇ ಹೊಲಿಸಿಕೊಂಡರು. ಮಡಿಕೇರಿಗಂತೆ, ಸ್ನೇಹಿತರನ್ನು ನೋಡ್ಲಿಕ್ಕೆ."

"ಅಡ್ರೆಸ್ಸೇ ಇಲ್ಲವಲ್ಲ ಅಮ್ಮ!"

"ಅದನ್ನೇ ಕೇಳಿದೆ. 'ಅಡ್ರೆಸ್ ಇಲ್ಲದ ಕಾಗದ ನಾನು ಎಷ್ಟು ಮುಟ್ಟಿಸಿಲ್ಲ! ಅಲ್ಲಿನ ಪೋಸ್ಟಿನವರಲ್ಲಿ ಕೇಳಿದರೆ ಆಯ್ತು' ಅಂದರು."

ಚೀಲ ಅಲ್ಲೇ ಬಿಸಾಡಿ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಮಡಿಕೇರಿ ಬಸ್ಸು ಗುರುಗುಡುತ್ತಾ ನಿಂತಿತ್ತು. ಅಜ್ಜ ಕಿಟಕಿಯ ಬದಿಗೆ ಕೂತಿದ್ದರು. ತೊಡೆಯ ಮೇಲೆ ಬಾಳೆಎಲೆಯ ಕಟ್ಟು. ನನ್ನನ್ನು ಕಂಡು ಕೈ ಬೀಸಿದರು, ಕಳಿಸಿಕೊಡಲು ಬಂದಳೆಂದುಕೊಂಡು.

"ಅಜ್ಜ, ಇಳಿಯಿರಿ! ಹೋಗಬೇಡಿ!"

"ಯಾಕೆ ಮಗಾ? ಎಂತಾಯ್ತು?"

"ಅದು ಅದ್ರಾಮ ಬರೆದದ್ದಲ್ಲ. ನಾನು ಬರೆದದ್ದು."

ಬಸ್ಸಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಕೂಗಬೇಕಾಯಿತು. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತ. ಅಜ್ಜ ನಿಧಾನವಾಗಿ ಎದ್ದು, ಎರಡೂ ಕಡೆ ಸೀಟು ಹಿಡಿದುಕೊಳ್ಳುತ್ತಾ ಇಳಿದರು. ಬಸ್ಸು ಹೊರಟುಹೋಯಿತು.

ನಾವಿಬ್ಬರೂ ಸಿಮೆಂಟಿನ ಬೆಂಚಿನಲ್ಲಿ ಕೂತೆವು. ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಪಂಜದಲ್ಲಿ ಒಂದು ಮನೆಯಲ್ಲಿ ಒಬ್ಬರು ಅಮ್ಮ ದಿನಾ ಗೇಟಿನ ಹತ್ತಿರ ಬಂದು ನಿಲ್ತಿದ್ದರು" ಎಂದರು ಅಜ್ಜ. "ಮಗನ ಕಾಗದಕ್ಕೆ. ನಾನು ದಿನಾ 'ಇವತ್ತು ಇಲ್ಲಮ್ಮ' ಅಂತ ಹೇಳುದು. ಎರಡು ವರ್ಷ ಹೇಳಿದ್ದೇನೆ. ಅದಕ್ಕಿಂತ ಕಷ್ಟದ ಕೆಲಸ ಇಲ್ಲ. ಒಂದು ಬರೆದು ಕೊಟ್ಟುಬಿಡುವ ಅಂತ ನನಗೂ ಕಂಡಿದೆ ಮಗಾ. ಕೊಡಲಿಲ್ಲ." ಬಾಳೆಎಲೆಯ ಕಟ್ಟನ್ನು ನನ್ನ ಕೈಗಿಟ್ಟು ಎದ್ದುಹೋದರು.

ಕಟ್ಟಿನಲ್ಲಿ ಇನ್ನೂ ಬಿಸಿಯಾಗಿದ್ದ ಪುಂಡಿಗಳು. ನಾನು ತಿನ್ನಲಿಲ್ಲ. ಅಮ್ಮನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅಮ್ಮ ಹೊಡೆಯಲಿಲ್ಲ. ಅಂಗಿಗಳ ಒಂದು ರಾಶಿಯನ್ನೇ ನನ್ನ ಮುಂದೆ ಸುರಿದು, "ಗುಬ್ಬಿ ಹೊಲಿ" ಎಂದರು. ಮೂರು ದಿನ ಹೊಲಿದೆ.

ಅಜ್ಜ ಆ ವಾರವಿಡೀ ಕ್ಲಾಸಿಗೆ ಬರಲಿಲ್ಲ. ಸೋಮವಾರ ಬಂದರು. ಎಲ್ಲ ಮುಗಿಯಿತೆಂದು ನಾನು ಗೋಡೆಗಂಟಿ ನಿಂತಿದ್ದರೆ, ನನ್ನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಪೆಟ್ಟಿಗೆ ತೆರೆ."

ತೆರೆದೆ. ಖಾಲಿ.

"ಹೇಳು."

"ಇವತ್ತು ಇಲ್ಲ ಅಜ್ಜ."

"ಹಾಂ. ಹಾಗೆ ಹೇಳುದು."

ಅಂದಿನಿಂದ ದಿನಾ ನಾನೇ ಹೇಳಬೇಕಾಯಿತು. ಮೊದಲೆರಡು ದಿನ ಕೀಬೋರ್ಡನ್ನು ನೋಡಿಕೊಂಡು ಹೇಳಿದೆ. ಆಮೇಲೆ ಅಭ್ಯಾಸವಾಯಿತು ಎನ್ನಲಾರೆ, ಆದರೆ ಅವರ ಮುಖ ನೋಡಿಕೊಂಡು ಹೇಳುವಷ್ಟಾದೆ.

ಶಾಲೆ ಶುರುವಾಗಲು ನಾಲ್ಕೈದು ದಿನವಿದ್ದಾಗ ಉತ್ತರ ಬಂತು. ನಿಜವಾದ ಪಿಂಡಿಯಿಂದ. ಇಂಗ್ಲಿಷಿನಲ್ಲಿತ್ತು. ಮಿಸ್ ಓದಿ, ತಡವರಿಸುತ್ತಾ ಕನ್ನಡದಲ್ಲಿ ಹೇಳಿದರು. "ಅಜ್ಜ, ಇವ ಅದ್ರಾಮ ಅಲ್ಲ. ಉತ್ತರ ಭಾರತದಲ್ಲಿ ಕಾಲೇಜಿಗೆ ಹೋಗುವ ಹುಡುಗ. ಪರೀಕ್ಷೆ ಇದ್ದ ಕಾರಣ ಮೈಲ್ ನೋಡಲಿಲ್ಲವಂತೆ. ನಿಮ್ಮ ಸ್ನೇಹಿತ ಸಿಗಲಿ ಅಂತ ಬರೆದಿದ್ದಾನೆ."

ಅಜ್ಜ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಹಾಗಾದರೆ ಅವನಿಗೆ ಯಾಕಂತೆ ಈ ಹೆಸರು? ಕೇಳಿ ಮಿಸ್ಸೇ."

ಕೇಳಿದೆವು. ಮರುದಿನವೇ ಉದ್ದದ ಉತ್ತರ. ಅವನ ಅಜ್ಜ ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. ಆ ಊರವರು ಅದನ್ನು ಬರೀ ಪಿಂಡಿ ಎನ್ನುತ್ತಾರಂತೆ. ದೇಶ ಎರಡಾದಾಗ ಹುಡುಗನಾಗಿ ಬಿಟ್ಟುಬಂದವರು ಮತ್ತೆ ಆ ಊರನ್ನು ನೋಡಲಿಲ್ಲ. ಈಗ ಕಣ್ಣು ಮಂಜಾಗಿದೆ. ಮೊಮ್ಮಗ ಐಡಿ ಮಾಡುವಾಗ ಯಾವ ಹೆಸರಿಡಲಿ ಎಂದು ಕೇಳಿದ್ದಕ್ಕೆ, ಆ ಊರಿನ ಹೆಸರು ಖಾಲಿ ಇದೆಯಾ ನೋಡು ಎಂದಿದ್ದರಂತೆ.

ಅಜ್ಜ ಮಿಸ್ಸಿನಿಂದ ಬರೆಸಿದರು. "ನಿಮ್ಮ ಅಜ್ಜನವರಿಗೆ ನನ್ನ ನಮಸ್ಕಾರ. ನಮ್ಮಲ್ಲಿ ಪಿಂಡಿ ಎಂದರೆ ಅಕ್ಕಿಯ ತಿಂಡಿ. ಆ ಹೆಸರು ಅವರ ಹತ್ತಿರವೇ ಇರಲಿ." ಮೊಮ್ಮಗ ಅದನ್ನು ಓದಿ ಹೇಳಿದಾಗ ಆ ಅಜ್ಜ ಎರಡು ಸಲ ಓದಿಸಿಕೊಂಡು ನಕ್ಕರಂತೆ. ಆ ಉತ್ತರ ಬಂದ ದಿನ ಪೋಸ್ಟ್ ಅಜ್ಜ ಕ್ಲಾಸಿನವರಿಗೆಲ್ಲ ಗೋಳಿಬಜೆ ಕೊಡಿಸಿದರು. ನನಗೂ ಕೊಡಿಸಿದರು.

ಅದ್ರಾಮ ಸಿಗಲಿಲ್ಲ. ಒಂದೆರಡು ವರ್ಷದ ಮೇಲೆ ಮಿಸ್ ಮದುವೆಯಾಗಿ ಹೋದರು, ಕ್ಲಾಸು ಮುಚ್ಚಿತು. ನಾನು ಕಾಲೇಜಿನಲ್ಲಿದ್ದಾಗ ಅಜ್ಜ ತೀರಿಕೊಂಡರು.

ನಾನೀಗ ಪುತ್ತೂರಿನಲ್ಲಿದ್ದೇನೆ. ಮೊನ್ನೆ ಮಗಳಿಗೆ ಶಾಲೆಯವರು ಐಡಿ ಕೊಟ್ಟರು. ಅಡ್ಮಿಷನ್ ನಂಬರು, ಮುಂದೆ ಶಾಲೆಯ ಹೆಸರಿನ ನಾಲ್ಕಕ್ಷರ. ಅವಳ ಗೆಳತಿಯದ್ದೂ ಹಾಗೆಯೇ, ಒಂದಂಕಿ ಮಾತ್ರ ಹೆಚ್ಚು. ಅದಕ್ಕೆ ಯಾಕೆ ಎಂದು ಕೇಳುವಂಥದ್ದು ಏನೂ ಇಲ್ಲ. ಬ್ಯಾಂಕಿಗೆ, ಗ್ಯಾಸಿಗೆ, ಆಸ್ಪತ್ರೆಗೆಲ್ಲ ನಾನೂ ಒಂದು ಮೊಬೈಲ್ ನಂಬರೇ. ಆ ಬೇಸಿಗೆಯಲ್ಲಿ ಗುರುತಿಲ್ಲದವನನ್ನೂ ಹೆಸರಿನ ಕಾರಣ ಕೇಳಬಹುದಿತ್ತು. ಕೇಳಿದರೆ ಒಂದು ಊರೋ, ಒಬ್ಬ ಅಜ್ಜನೋ ಹೊರಬರುತ್ತಿದ್ದರು.

ಎಲ್ಲರನ್ನೂ ಹಿಡಿದು ಕೇಳುತ್ತಿದ್ದ ನಾನು ಒಂದನ್ನು ಮಾತ್ರ ಕೇಳಲಿಲ್ಲ. ಅದು ಹೊಳೆದದ್ದೂ ಈಚೆಗೆ, ಅಜ್ಜ ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಅದ್ರಾಮ ಅಜ್ಜನನ್ನು ಪಿಂಡಿ ಎನ್ನುತ್ತಿದ್ದ, ಸರಿ. ಅಜ್ಜ ಅವನನ್ನು ಏನೆಂದು ಕರೆಯುತ್ತಿದ್ದರು? ಅಂಥ ಗೆಳೆಯನಿಗೆ ಅವರೂ ಒಂದು ಹೆಸರು ಇಡದೆ ಇರುತ್ತಾರೆಯೇ? ಘಟ್ಟದ ಮೇಲೆ ಎಲ್ಲೋ ಒಬ್ಬ ಮುದುಕ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಜ್ಜ ಇಟ್ಟ ಆ ಹೆಸರಿನಲ್ಲೇ ಐಡಿ ಮಾಡಿಕೊಂಡು ಕಾದಿದ್ದನೋ ಏನೋ. ನಾವು ಹುಡುಕಬೇಕಾಗಿದ್ದದ್ದು ಆ ಹೆಸರನ್ನು.