ಪಲ್ಲಾಲಮ್ಮ ದೀಪ ಬಿಟ್ಟ ಹೊಲ

ನಮ್ಮೂರು ಬೂರುಗುಲಂಕ. ಲಂಕ ಅಂದರೆ ನದಿಯ ನಡುವಿನ ದ್ವೀಪ. ಊರು ಈಗ ಗೋದಾವರಿಯ ತಳದಲ್ಲಿದೆ. ಆದರೂ ಯಾರು ಕೇಳಿದರೂ ನಾವು ಬೂರುಗುಲಂಕದವರು ಅಂತಲೇ ಹೇಳುವುದು. ರೇಷನ್ ಕಾರ್ಡಿನಲ್ಲೂ ಅದೇ ಹೆಸರು. ಓಟಿನ ದಿನ ಒಡ್ಡಿನ ಕೆಳಗಿನ ನಮ್ಮ ಕಾಲೋನಿಯ ಶಾಲೆಗೋಡೆಗೆ ಬೂರುಗುಲಂಕ ಮತಗಟ್ಟೆ ಅಂತ ಕಾಗದ ಅಂಟಿಸುತ್ತಾರೆ. ತುಫಾನು ಬರುವ ಹಾಗಿದ್ದರೆ ಮೈಕಿನವನು ಆಟೋದಲ್ಲಿ ಬಂದು, ಬೂರುಗುಲಂಕದ ಜನ ಊರು ಖಾಲಿ ಮಾಡಬೇಕು ಅಂತ ಕೂಗುತ್ತಾನೆ. ನಾವು ಖಾಲಿ ಮಾಡಿ ಒಂದು ತಲೆಮಾರಾಯಿತು. ಅವನಿಗೆ ಉತ್ತರ ಕೊಡುವವಳು ಪಲ್ಲಾಲಮ್ಮ ಒಬ್ಬಳೇ.

"ಮೀನುಗಳಿಗೆ ಹೇಳಪ್ಪ. ಈಗ ಅಲ್ಲಿ ಅವೇ ಒಕ್ಕಲು."

ಪಲ್ಲಾಲಮ್ಮನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಲಂಕದಲ್ಲಿದ್ದಾಗಲೂ ಅಕ್ಕಪಕ್ಕವೇ. ಎತ್ತರದ ಆಳು, ಕಪ್ಪು ಮೈ, ಮಾತು ಕಡಿಮೆ. ಕಡಿಮೆಯಾಗಲು ಕಾರಣ ಚುಟ್ಟಾ, ಹೊಗೆಸೊಪ್ಪಿನ ಸುರುಳಿ. ನಮ್ಮ ಕಡೆ ಹೆಂಗಸರು ಬೆಂಕಿಯ ತುದಿಯನ್ನು ಬಾಯೊಳಗಿಟ್ಟು ಸೇದುತ್ತಾರೆ, ಗಾಳಿಗೆ ಆರಬಾರದು ಅಂತ. ಬಾಯೊಳಗೆ ಬೆಂಕಿ ಇಟ್ಟುಕೊಂಡವಳು ಎಷ್ಟು ತಾನೇ ಮಾತಾಡುತ್ತಾಳೆ? ಅವಳು ಚುಟ್ಟಾ ಹೊರಗೆ ತೆಗೆದಳು ಅಂದರೆ ಎದುರಿಗಿದ್ದವರು ಸರಿಯಾಗಿ ಕೂತುಕೊಳ್ಳುತ್ತಿದ್ದರು.

ಲಂಕದ ತೆಂಕಣ ತುದಿಯಲ್ಲಿ ಅವಳ ಮೆಣಸಿನಕಾಯಿ ಹೊಲ ಇತ್ತು. ಗಂಡ ವೀರಾಸ್ವಾಮಿ ತೀರಿಕೊಂಡ ಮರುವರ್ಷವೇ ನದಿ ಆ ಕಡೆ ತಿರುಗಿತು. ಆಷಾಢದಲ್ಲಿ ಪ್ರವಾಹದ ಕೆಂಪುನೀರು ಬಂತು, ದಂಡೆ ಕಡಿಯಲು ಶುರುವಾಯಿತು. ಮಣ್ಣಿನ ಹೆಂಟೆಯಲ್ಲ, ಮನೆಯಗಲದ ನೆಲವೇ ಸೀಳಿ, ಸ್ವಲ್ಪ ಹೊತ್ತು ಯೋಚಿಸುವವರ ಹಾಗೆ ನಿಂತು, ಆಮೇಲೆ ನೀರಿಗೆ ಬೀಳುತ್ತದೆ. ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಎಲ್ಲರೂ ಬಾಗಿಲ ಚೌಕಟ್ಟು, ತೊಲೆ, ಹೆಂಚು ಬಿಚ್ಚಿ ದೋಣಿಗೆ ತುಂಬುತ್ತಿದ್ದರೆ ಅವಳು ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ನದಿ ಒಂದು ಸಾಲು ತೆಗೆದುಕೊಂಡರೆ ಅವಳು ಇನ್ನೊಂದು ಸಾಲು. ಕೊನೆಗೆ ಮಗ ಏಡುಕೊಂಡಲು ಸೊಂಟ ಹಿಡಿದು ಎಳೆದುಕೊಂಡು ಬಂದ. ಮಡಿಲಲ್ಲಿ ಕಾಯಿ ತುಂಬಿತ್ತು. ದೋಣಿಯಲ್ಲಿ ಕೂತು ಆಚೆ ದಡ, ಈಚೆ ದಡ ಎರಡನ್ನೂ ನೋಡುತ್ತಲೇ ಬಂದಳು. ಗುರುತು ಹಿಡಿಯುತ್ತಿದ್ದಳು.

ನೀರಿಗೆ ಹೋದ ಹೊಲವನ್ನು ನಾವು ಹೋಯಿತು ಅನ್ನುವುದಿಲ್ಲ, ಮಲಗಿದೆ ಅನ್ನುತ್ತೇವೆ. ಮಲಗಿದ್ದು ಏಳುತ್ತದೆ. ನಮ್ಮ ಕಾಲಕ್ಕೋ ಮೊಮ್ಮಕ್ಕಳ ಕಾಲಕ್ಕೋ, ನದಿ ತಂದು ಹಾಕುತ್ತದೆ. ಎದ್ದಾಗ ಯಾರದ್ದು ಎಲ್ಲಿ ಅಂತ ತಿಳಿಯಲು ಬದುವಿರುವುದಿಲ್ಲ, ಮರವಿರುವುದಿಲ್ಲ. ಹಾಗಾಗಿ ದಡದ ಮೇಲಿನ ಗುರುತು ಇಟ್ಟುಕೊಳ್ಳುತ್ತೇವೆ. ಮೂಡಣ ದಡದಲ್ಲಿ ರಾಮದೇವರ ಗುಡಿಯ ಕಳಸ ತಾಳೆಮರದ ಹಿಂದೆ ಅಡಗಬೇಕು, ಪಡುವಣ ದಡದಲ್ಲಿ ಅಕ್ಕಿಗಿರಣಿಯ ಚಿಮಣಿ ಹುಣಸೆಮರದ ಹಿಂದೆ ಅಡಗಬೇಕು. ಎರಡೂ ಒಟ್ಟಿಗೆ ಅಡಗುವ ಜಾಗದಲ್ಲಿ ದೋಣಿ ನಿಂತರೆ, ಕೆಳಗಿರುವುದು ಪಲ್ಲಾಲಮ್ಮನ ಹೊಲದ ಈಶಾನ್ಯ ಮೂಲೆ. ಒಂದೊಂದು ಮನೆಗೆ ಒಂದೊಂದು ಗುರುತು.

ಕಾರ್ತಿಕದ ಅಮಾವಾಸ್ಯೆಯ ಮಾರನೇ ದಿನ ಬೆಳಗಿನ ಜಾವ ಹೆಂಗಸರೆಲ್ಲ ಬಾಳೆಪಟ್ಟೆಯಲ್ಲಿ ದೀಪವಿಟ್ಟು ಸ್ನಾನಘಟ್ಟದಲ್ಲಿ ತೇಲಿಬಿಡುತ್ತೇವೆ. ಪಲ್ಲಾಲಮ್ಮ ಘಟ್ಟದಲ್ಲಿ ಬಿಡುತ್ತಿರಲಿಲ್ಲ. ಗಂಗಾಚಲಂನ ದೋಣಿಯಲ್ಲಿ ನನ್ನನ್ನೂ ಕೂರಿಸಿಕೊಂಡು ನದಿಯ ನಡುವಿಗೆ ಹೋಗುತ್ತಿದ್ದಳು. ಬೆಳಕು ಹರಿಯುವ ತನಕ ಕಾಯಬೇಕು, ಕಳಸ ಕಾಣಬೇಕಲ್ಲ.

"ಅಕ್ಕಾ, ಇಲ್ಲೇ ಬಿಡಬಾರದಾ? ಗಂಗಮ್ಮ ಎಲ್ಲಾ ಕಡೆ ಒಬ್ಬಳೇ," ಅನ್ನುತ್ತಿದ್ದ ಗಂಗಾಚಲಂ.

"ಗಂಗಮ್ಮ ಒಬ್ಬಳೇ. ಹೊಲಾನೂ ನಂಗೆ ಒಂದೇ. ಹುಟ್ಟು ಹಾಕು."

"ಇಲ್ಲಿ?"

"ಕಳಸದ ಭುಜ ಕಾಣ್ತಿದೆ. ಇನ್ನೂ ಸ್ವಲ್ಪ."

"ಸೂರೆಮ್ಮಕ್ಕ, ನೀನಾದ್ರೂ ಹೇಳು, ಚಳಿಗೆ ನನ್ನ ಕೈ ಕಟ್ಟಿಹೋಯ್ತು."

ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದೆ. ಎರಡೂ ಗುರುತು ಅಡಗಿದ ಕ್ಷಣಕ್ಕೆ ಅವಳು ದೀಪ ಬಿಡುತ್ತಿದ್ದಳು. ಅಷ್ಟು ದೊಡ್ಡ ನೀರು, ಅದರ ಮೇಲೆ ಅಷ್ಟು ಸಣ್ಣ ಬೆಳಕು, ಕೆಳಗೆ ಎಲ್ಲೋ ಬದುಗಳು.  ಅವಳಿಗೆ ಒಂದೇ ಆಸೆ. ಸಾಯುವ ಮೊದಲು ಆ ಮಣ್ಣಿನ ಮೇಲೆ ಒಂದು ಸಲ ನಿಲ್ಲಬೇಕು, ಒಂದು ಬೆಳೆ ಬಿತ್ತಬೇಕು.

ನಡುವೆ ಆ ದೊಡ್ಡ ತುಫಾನು ಬಂತು. ಮೊದಲು ಮೂಡಣ ದಡದಲ್ಲಿ ಜೋಡಿ ತಾಳೆಮರ ಇದ್ದವು. ಬಡಗಣದ್ದು ಪಕ್ಕದ ಹೊಲದ ಕೊಂಡಯ್ಯನ ಮನೆಯವರ ಗುರುತು, ತೆಂಕಣದ್ದು ಪಲ್ಲಾಲಮ್ಮನದು. ಗಾಳಿ ನಿಂತು ನಾವು ಶಿಬಿರದಿಂದ ವಾಪಸು ಬಂದಾಗ ಒಂದು ಮರ ಮಾತ್ರ ನಿಂತಿತ್ತು. ಸುತ್ತಲಿನ ತೋಟ, ಗುಡಿಸಲು ಎಲ್ಲಾ ನೆಲಸಮ. ಬಿದ್ದ ಮರದ ಬುಡವನ್ನೂ ನೀರು ಎತ್ತಿಕೊಂಡು ಹೋಗಿತ್ತು, ಎರಡರಲ್ಲಿ ಯಾವುದು ಬಿದ್ದದ್ದು ಅಂತ ತಿಳಿಯುವ ಹಾಗಿರಲಿಲ್ಲ.

"ನಮ್ಮದು ಉಳಿದಿದೆ," ಅಂದಳು. ನಾವೂ ಹೌದು ಅಂದೆವು. ಅವತ್ತು ಯಾರಿಗೆ ಏನು ಉಳಿದರೂ ಹೌದು ಅನ್ನಬೇಕು ಅನ್ನಿಸುತ್ತಿತ್ತು.

ವರ್ಷಗಳು ಹೋದವು. ಒಂದು ಕಾರ್ತಿಕದಲ್ಲಿ ಗಂಗಾಚಲಂ ದೋಣಿ ತಳ್ಳುವ ಗಳು ತಳ ಮುಟ್ಟಿತು. ಅವನು ನಮ್ಮ ಮುಖ ನೋಡಿದ. ಅದರ ಮುಂದಿನ ಪ್ರವಾಹ ಇಳಿದಾಗ ನದಿಯ ನಡುವೆ ಎಮ್ಮೆಯ ಬೆನ್ನಿನ ಹಾಗೆ ಮರಳು ಎದ್ದಿತ್ತು. ಆಮೇಲಿನ ವರ್ಷ ಅದರ ಮೇಲೆ ಮೆಕ್ಕಲು ಕೂತಿತು, ಜೊಂಡುಹುಲ್ಲು ಹುಟ್ಟಿತು. ಜೊಂಡು ಹುಟ್ಟಿದರೆ ನೆಲ ನಿಂತಿತು ಅಂತ ಅರ್ಥ. ಬರೀ ನೀರಿದ್ದ ಕಡೆ ಹುಲ್ಲು ಬಿಳಿ ಹೂ ಬಿಟ್ಟು ಗಾಳಿಗೆ ಬಾಗುತ್ತಿದ್ದರೆ ಕಾಲೋನಿಯ ಜನ ಒಡ್ಡಿನ ಮೇಲೆ ಸಾಲಾಗಿ ನಿಂತು ಸುಮ್ಮನೆ ನೋಡಿದರು. ಯಾರೋ ಕೈ ಮುಗಿದರು.

ಆ ಹೊತ್ತಿಗೆ ಜಿಲ್ಲೆ ಒಡೆದು ನಮ್ಮದು ಕೋನಸೀಮೆ ಜಿಲ್ಲೆ ಆಗಿತ್ತು. ನದಿಯಾಚೆ ಬೇರೆ ಜಿಲ್ಲೆ. ಅಳತೆಗೆ ಬಂದ ಸರ್ವೇಯರ್ ಹುಡುಗಿ ಸೀರೆ ಎತ್ತಿಕಟ್ಟಿ ಕೆಸರಲ್ಲಿ ನಮ್ಮ ಜೊತೆ ನಡೆದಳು, ಒಳ್ಳೆಯವಳು.

"ಅಜ್ಜಿ, ನದಿಯ ಮಧ್ಯ ಗೆರೆಯೇ ಎರಡು ಜಿಲ್ಲೆಗೂ ಗಡಿ."

"ಮಧ್ಯ ಯಾವ ವರ್ಷದ್ದು ಕಣಮ್ಮ?" ಅಂದಳು ಪಲ್ಲಾಲಮ್ಮ.

ಹುಡುಗಿ ನಕ್ಕಳು. "ಅದನ್ನೇ ನೋಡೋಕೆ ನನ್ನ ಕಳಿಸಿರೋದು."

ಅಳೆದು ನೋಡಿ, ಲಂಕ ನಮ್ಮ ಕಡೆಗೇ ಬಂತು ಅಂದಳು. ಯಾರದು ಎಲ್ಲಿ ಅಂತ ಊರ ಹಿರಿಯರು ತಗಾದೆಯಿಲ್ಲದೆ ಹೇಳಿದರೆ ಸಾಗುವಳಿಗೆ ಬಿಡುತ್ತೇವೆ ಅಂತ ತಹಸೀಲ್ದಾರರೂ ಹೇಳಿದರು. ಹಿರಿಯರು ಪಲ್ಲಾಲಮ್ಮನ ಗುರುತು ನೋಡಿದರು. ಅಷ್ಟು ವರ್ಷ ದೀಪ ಬಿಟ್ಟವಳನ್ನು ಯಾರು ಅನುಮಾನಿಸುತ್ತಾರೆ? ಗೂಟ ಹೊಡೆಸಿದರು. ಕೊಂಡಯ್ಯ ತೀರಿಕೊಂಡಿದ್ದ, ಅವನ ಮಗ ತಾತಾರಾವು ರಾಜೋಲಿನಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ. ಹೇಳಿ ಕಳಿಸಿದರೆ, "ನದಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋ ಅಭ್ಯಾಸ ನಂಗಿಲ್ಲ," ಅಂದನಂತೆ. ಅವನು ಬರಲಿಲ್ಲ.

ಕೊಂಡಯ್ಯನ ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಬೇಸಿಗೆಯಲ್ಲಿ ಸಮುದ್ರ ನದಿಯೊಳಕ್ಕೆ ಏರಿ ಬರುತ್ತದೆ, ನೀರು ಉಪ್ಪಾಗುತ್ತದೆ. ಆಗ ಲಂಕದ ಆ ತುದಿಗೆಲ್ಲ ಸಿಹಿನೀರು ಇದ್ದದ್ದು ಕೊಂಡಯ್ಯನ ಹೊಲದ ಬಾವಿಯಲ್ಲಿ ಮಾತ್ರ. ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಇಳಿಸಿದ ಬಾವಿ. ಯಾವುದೋ ಬದುವಿನ ಜಗಳಕ್ಕೆ, ಪಲ್ಲಾಲಮ್ಮ ಕೊಡ ಹಿಡಿದು ಹೋದಾಗ ಅವನು ಹಗ್ಗ ಎಳೆದುಕೊಂಡ. "ಹಗ್ಗ ನನ್ನದು, ನೀರು ನದಿಯದು. ನದಿಗೇ ಹೋಗು," ಅಂದ. ಆ ವರ್ಷ ಅವಳ ಮೆಣಸಿನ ಸಸಿ ಎಲ್ಲಾ ಸುಟ್ಟುಹೋಯಿತು. ಆಮೇಲೆ ಆ ಮನೆಯವರ ಹೆಸರು ಎತ್ತಿದವಳಲ್ಲ.

ಪುಷ್ಯದಲ್ಲಿ ಅವಳು, ಏಡುಕೊಂಡಲು, ನಾನು ಲಂಕಕ್ಕೆ ಹೋದೆವು. ಜೊಂಡು ಸುಟ್ಟು ಸೌತೆ ಪಾತಿ ಮಾಡಿಯಾಗಿತ್ತು. ಅವಳು ಚಪ್ಪಲಿ ದೋಣಿಯಲ್ಲೇ ಬಿಟ್ಟು ಇಳಿದಳು, ಮೆಕ್ಕಲಿನಲ್ಲಿ ಹೆಜ್ಜೆ ಇಟ್ಟು ಇಟ್ಟು ನೋಡಿದಳು. ಸಸಿಗೆ ನೀರು ಬೇಕಲ್ಲ, ಏಡುಕೊಂಡಲು ಈಶಾನ್ಯದಲ್ಲಿ ಗುಂಡಿ ತೋಡಲು ಶುರುಮಾಡಿದ. ಸೊಂಟದಾಳಕ್ಕೆ ಹೋದಾಗ ಗುದ್ದಲಿ ಠಣ್ ಅಂದಿತು.

ಮಣ್ಣು ಬಾಚಿದರೆ ಬಾವಿಯ ಬಳೆ. ಅಂಚಿನ ಸುತ್ತ ಹೆಬ್ಬೆಟ್ಟು ಒತ್ತಿ ಜಡೆಯ ಹಾಗೆ ಚಿತ್ತಾರ. ಆ ಚಿತ್ತಾರ ಗೊತ್ತಿಲ್ಲದವರು ಲಂಕದಲ್ಲಿ ಇರಲಿಲ್ಲ. ಹಸಿ ಮಣ್ಣಿನಲ್ಲೇ ಕೊಂಡಯ್ಯ ತನ್ನ ಕೈಯಾರೆ ಒತ್ತಿದ್ದ, ನಾಳೆ ಯಾರೂ ತಮ್ಮದು ಅನ್ನಬಾರದು ಅಂತ. ಅಷ್ಟು ಪ್ರವಾಹ ಮೇಲೆ ಹರಿದರೂ ಒಂದು ಬಳೆ ಸರಿದಿರಲಿಲ್ಲ. ನದಿ ಬಾವಿಯ ಬಾಯಿಗೆ ಮೆತ್ತನೆ ಮರಳು ತುಂಬಿ, ಇದ್ದಲ್ಲೇ ನಿಲ್ಲಿಸಿ ಕಾಪಾಡಿತ್ತು. 

ಪಲ್ಲಾಲಮ್ಮ ಬಾಯಿಂದ ಚುಟ್ಟಾ ತೆಗೆದಳು. ಬಾವಿ ನೋಡಿದಳು, ತಿರುಗಿ ದಡದ ತಾಳೆಮರ ನೋಡಿದಳು.

"ಬಿದ್ದಿದ್ದು ನಮ್ಮದು," ಅಂದಳು. "ಉಳಿದಿದ್ದು ಅವರ ಮರ."

ಏಡುಕೊಂಡಲು ದನಿ ತಗ್ಗಿಸಿದ. "ಅಮ್ಮಾ, ಮುಚ್ಚಿಬಿಡ್ತೀನಿ. ನೋಡಿರೋದು ನಾವೇ. ಸೂರೆಮ್ಮತ್ತೆ ಬೇರೆಯವರಾ? ತಾತಾರಾವು ಬೇಡ ಅಂದೂ ಆಗಿದೆ."

"ಮುಚ್ಚಿ?"

"ಮುಚ್ಚಿ ಬಿತ್ತೋಣ. ನೀನು ಇಷ್ಟು ವರ್ಷ ಕಾದಿದ್ದು ಸುಮ್ನೇನಾ?"

"ನಮ್ಮದು ಇಲ್ಲೇ ತೆಂಕಣದಲ್ಲಿ ಮಲಗಿದೆ ಕಣೋ. ನಾಳೆ ಅದು ಏಳತ್ತೆ. ಇದು ಗೊತ್ತಿದ್ದೂ ಇಟ್ಟುಕೊಂಡು, ಅವತ್ತು ಯಾವ ಬಾಯಲ್ಲಿ ಅದನ್ನ ನಮ್ಮದು ಅಂತೀಯ?"

"ಅದು ಯಾವಾಗ ಏಳತ್ತಮ್ಮ? ನೀನಿರ್ತೀಯಾ?"

 ಅವಳು ಗುಂಡಿಯಂಚಿನಲ್ಲಿ ಕೂತಳು. ಆಮೇಲೆ ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. "ಹೋಗಿ ಅವನನ್ನ ಕರ್ಕೊಂಡು ಬಾ. ಅವನಪ್ಪ ಕರೀತಿದ್ದಾನೆ ಅಂತ ಹೇಳು."

ತಾತಾರಾವು ಮಧ್ಯಾಹ್ನದ ಹೊತ್ತಿಗೆ ಬಂದ. ದಪ್ಪ ಆಸಾಮಿ, ಪಂಚೆ ಎತ್ತಿಕಟ್ಟಿ ಏದುಸಿರು ಬಿಡುತ್ತಾ ದೋಣಿ ಇಳಿದ.

"ಏನಕ್ಕಾ, ಇಷ್ಟು ದಿನ ಆದಮೇಲೆ ನಮ್ಮನೇ ಹೆಸರು ನಿನ್ನ ಬಾಯಿಗೆ ಬಂತಾ?"

"ಬಾಯಿಗೆ ಬಂದಿದ್ದು ಇವತ್ತು. ದೀಪ ಹಚ್ಚಿದ್ದು ಇಷ್ಟು ವರ್ಷ. ನಿಮ್ಮಪ್ಪನ ಬಾವಿಗೆ ಕಣೋ! ನನ್ನ ಗಂಡನಿಗೂ ಅಷ್ಟು ಭಕ್ತಿ ತೋರಿಸಿರಲಿಲ್ಲ."

ಅವನು ನಗಲು ಹೋದ. ಬಾವಿ ಕಂಡಿತು. ನಗು ನಿಂತುಹೋಯಿತು. ಗುಂಡಿಗೆ ಇಳಿದು, ಅಂಚಿನ ಚಿತ್ತಾರದ ಒಂದು ಗುಳಿಯಲ್ಲಿ ತನ್ನ ಹೆಬ್ಬೆಟ್ಟು ಇಟ್ಟ. ಅಚ್ಚಿಗೆ ಹೊಯ್ದ ಹಾಗೆ ಕೂತಿತು. ತೆಗೆಯಲಿಲ್ಲ, ಹಾಗೇ ಇಟ್ಟುಕೊಂಡು ನಿಂತ.  ಬಾವಿಯ ಬಾಯಿಯಿಂದ ಮರಳು ಬಾಚಿದ ಕಡೆ ನೀರು ಸದ್ದಿಲ್ಲದೆ ಊರುತ್ತಿತ್ತು.

"ಅಕ್ಕಾ, ಹಗ್ಗ ಇಲ್ಲ," ಅಂದ ಕೊನೆಗೆ. ಬೊಗಸೆಯಲ್ಲಿ ನೀರು ಮೊಗೆದು ಮೇಲೆ ಚಾಚಿದ. "ಕೈಯಲ್ಲೇ ಕೊಡ್ತೀನಿ, ಕುಡಿ."

ಅವಳು ಬಗ್ಗಿ ಅವನ ಬೊಗಸೆಯಿಂದಲೇ ಕುಡಿದಳು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು.

"ಉಪ್ಪಿಲ್ಲ," ಅಂದಳು.

"ನಿನ್ನದು ಏಳೋ ತನಕ ನನ್ನದೇ ಬಿತ್ಕೋ ಅಕ್ಕಾ."

"ಸೌತೆ ಪಾತಿ ಮಾಡಿಯಾಗಿದೆ, ಇದೊಂದು ಬೆಳೆ ತಗೋತೀನಿ. ಆಮೇಲೆ ನಿನ್ನ ಹೊಲ ನೀನು ನೋಡ್ಕೋ. ನಂಗೆ ನನ್ನದಿದೆ."

ಹೇಳಿದವಳೇ ಈಶಾನ್ಯದ ಗೂಟವನ್ನು ಅಲ್ಲಾಡಿಸಿ ಕಿತ್ತು, ಹೆಗಲ ಮೇಲಿಟ್ಟುಕೊಂಡು ತೆಂಕಣಕ್ಕೆ ನಡೆದಳು. ಲಂಕದ ಅಂಚು ಬಂತು. ನಿಲ್ಲಲಿಲ್ಲ. ನೀರಿಗಿಳಿದಳು. ಏಡುಕೊಂಡಲು ಕೂಗಿಕೊಂಡು ಹಿಂದೆ ಓಡಿದ. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಬಿದ್ದುಹೋದ ತಾಳೆಮರ ಎಲ್ಲಿತ್ತೋ ಆ ಕಡೆ ಮುಖ ಮಾಡಿ, ಇಲ್ಲದ ಮರದ ಹಿಂದೆ ಕಳಸ ಅಡಗಿಸುತ್ತಾ, ಒಂದು ಹೆಜ್ಜೆ ಅತ್ತ, ಒಂದು ಹೆಜ್ಜೆ ಇತ್ತ ಇಟ್ಟಳು. ತೊಡೆ ಮುಟ್ಟುವ ನೀರಲ್ಲಿ ನಿಂತಳು.

"ಅಮ್ಮಾ, ಕಾಲು ಹೂತುಹೋಗತ್ತೆ!"

"ಹೂಳಲ್ಲ. ಕಾಲಿಗೆ ಸಿಗ್ತಿದೆ." ಅಷ್ಟು ದೂರದಿಂದಲೂ ಅವಳ ಮುಖ ಕಾಣುತ್ತಿತ್ತು. ದೇವರ ಮುಂದೆಯೂ ಅವಳ ಮುಖ ಹಾಗಿದ್ದದ್ದನ್ನು ನಾನು ನೋಡಿಲ್ಲ. "ಸೂರೇ, ನಿಂತಿದ್ದೀನಿ ಕಣೇ. ನನ್ನ ಹೊಲದಲ್ಲೇ ನಿಂತಿದ್ದೀನಿ."

ತಾತಾರಾವು ಪಂಚೆ ನೆನೆಸಿಕೊಂಡು ಹೋಗಿ ಗೂಟ ಹೊಡೆದುಕೊಟ್ಟ. ಪಕ್ಕದಲ್ಲಿ ಹೋಗುತ್ತಿದ್ದ ಮೀನಿನ ದೋಣಿಯವರು ನೀರಿಗೆ ಗೂಟ ಹೊಡೆಯುವ ಹುಚ್ಚರನ್ನು ನೋಡಿ ನಕ್ಕರು. ಅವರು ಲಂಕದವರಲ್ಲ.

ಈ ಕಾರ್ತಿಕದಲ್ಲೂ ಹೋಗಿದ್ದೆವು. ಪಲ್ಲಾಲಮ್ಮನಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಕಳಸ ಅಡಗಿತಾ ಅಂತ ನನ್ನನ್ನೇ ಕೇಳುತ್ತಾಳೆ. ಕೇಳುವ ಅಗತ್ಯವೂ ಇಲ್ಲ, ಗೂಟ ಇದೆ. ಪ್ರವಾಹ ಅದನ್ನು ವಾಲಿಸಿದೆ, ಕಿತ್ತಿಲ್ಲ. ದೀಪ ಬಿಡಲು ಬಗ್ಗಿದಾಗ ಗಂಗಾಚಲಂ ಗಳು ಊರಿದ, ಅದು ಒಂದು ಮೊಳವೂ ಇಳಿಯಲಿಲ್ಲ. ಗೂಟದ ಬುಡದಲ್ಲಿ ನೀರಿಗಿಂತ ಮೇಲೆ ಏನೋ ಹಸಿರು ಅಲ್ಲಾಡುತ್ತಿತ್ತು. ನಾನು ಅವಳ ಕೈ ಹಿಡಿದು ಅದಕ್ಕೆ ಮುಟ್ಟಿಸಿದೆ. ಅವಳು ಬೆರಳಿನಿಂದ ಬುಡದಿಂದ ತುದಿಯವರೆಗೂ ಸವರಿದಳು.

"ಜೊಂಡು," ಅಂದಳು. ಆಮೇಲೆ ಗಂಗಾಚಲಂಗೆ, "ದೋಣಿ ಆಚೆ ತಗೊಳ್ಳೋ, ಮುರಿದೀತು."